ಪರದೇಶದ ಕಾರಿನ ಬ್ರೇಕು: ಕ್ಯಾಲಿಪರನ್ನು ಗುರುತಿಸುವ ಹಾಗೂ ಬದಲಿಸುವ ಬಗೆ

ಮೋಟಾರು ಕಾರುಗಳ ವಿಷಯ ಬಂದಾಗ ನಾವೆಲ್ಲರೂ ಅವುಗಳ ವೇಗವನ್ನೇ ಹೊಗಳುತ್ತೇವೆ. ಗಂಟೆಗೆ ಎಷ್ಟು ಮೈಲಿ ಓಡುತ್ತದೆ, ಎಂಜಿನ್ನಿಗೆ ಎಷ್ಟು ಕುದುರೆಗಳ ಬಲವಿದೆ ಎಂದು ಕೇಳುವವರು ನೂರು ಮಂದಿಯಾದರೆ, ಆ ವೇಗದಿಂದ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಕೇಳುವವರು ಒಬ್ಬಿಬ್ಬರು ಮಾತ್ರ. ಆದರೆ ಗ್ಯಾರೇಜಿನಲ್ಲಿ ಕೆಲಸ ಮಾಡುವವರು ಮೊದಲು ನೋಡುವುದು ಬ್ರೇಕನ್ನೇ. ಎಂಜಿನ್ನು ಕೆಟ್ಟರೆ ಗಾಡಿ ನಿಂತುಬಿಡುತ್ತದೆ, ಅಷ್ಟೆ. ಬ್ರೇಕು ಕೆಟ್ಟರೆ ಅದು ನಿಲ್ಲುವುದಿಲ್ಲ.

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿಗೆ ಬ್ರೇಕಿನ ಗೊಡವೆ ಏಕೆ ಎಂದು ನನ್ನ ಸಹಪಾಠಿಗಳು ಕೇಳಬಹುದು. ನಮ್ಮ ತಂದೆಯವರು ಮೋಟಾರು ಮೆಕ್ಯಾನಿಕರು. ಹೆದ್ದಾರಿಯ ಪಕ್ಕದ ನಮ್ಮ ಸಣ್ಣ ತಗಡಿನ ಷೆಡ್ಡಿನಲ್ಲಿ ರಜಾದಿನಗಳಲ್ಲೆಲ್ಲ ನಾನೂ ಸ್ಪ್ಯಾನರು ಹಿಡಿದಿದ್ದೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷು ಬಾರದು. ಆದುದರಿಂದ ಇಂಗ್ಲಿಷಿನ ಕೈಪಿಡಿಗಳನ್ನು ಓದಿ ಹೇಳುವುದು ನನ್ನ ಪಾಲಿನ ಕೆಲಸವಾಯಿತು. ಕಳೆದ ಬೇಸಗೆಯ ರಜೆಯಲ್ಲಿ ಹೀಗೆ ಓದಿ ಹೇಳಿ, ಕೈಯಿಂದಲೂ ಮಾಡಿ ಕಲಿತ ಒಂದು ವಿಷಯವನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇನೆ.

ನಮ್ಮಲ್ಲಿಗೆ ಬಂದ ಕಾರು ಎಂ.ಜಿ.ಬಿ. ಎಂಬ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು, 1967ರ ಮಾದರಿಯದು. ಇಬ್ಬರು ಮಾತ್ರ ಕೂರಬಹುದಾದ, ಮೇಲ್ಛಾವಣಿ ಮಡಚುವ ಗಾಡಿ. ಸಕಲೇಶಪುರದ ಕಡೆಯ ಒಬ್ಬ ಕಾಫಿತೋಟದ ಸಾಹುಕಾರರದು. 1962ರಿಂದ 1980ರವರೆಗೆ ಈ ಮಾದರಿಯ ಐದು ಲಕ್ಷಕ್ಕೂ ಹೆಚ್ಚು ಗಾಡಿಗಳು ಅಬಿಂಗ್ಡನ್ ಊರಿನ ಕಾರಖಾನೆಯಲ್ಲಿ ತಯಾರಾದವು. ಇಲ್ಲಿ ಒಂದು ಸ್ವಾರಸ್ಯವನ್ನು ಹೇಳಲೇಬೇಕು. ಇದರ 1798 ಘನ ಸೆಂಟಿಮೀಟರಿನ ಎಂಜಿನ್ನು ನಮ್ಮ ದೇಶದ ಹಳೆಯ ಅಂಬಾಸಿಡರ್ ಕಾರಿನ 1489 ಘನ ಸೆಂಟಿಮೀಟರಿನ ಎಂಜಿನ್ನಿಗೆ ಸ್ವಂತ ಅಣ್ಣನಿದ್ದಂತೆ, ಎರಡೂ ಬಿ.ಎಂ.ಸಿ. ಕಂಪೆನಿಯ ‘ಬಿ’ ಶ್ರೇಣಿಯ ಸಂತಾನ. ಬಾನೆಟ್ಟು ಎತ್ತಿದ ಕೂಡಲೇ ತಂದೆಯವರು, “ಓ, ಇದು ನಮ್ಮ ಅಂಬಾಸಿಡರ್ರೇ ಅಲ್ವೇನೋ!” ಎಂದು ನಕ್ಕರು. ಆದರೆ ಮುಂದಿನ ಚಕ್ರ ಬಿಚ್ಚಿದ ಮೇಲೆ ಆ ನಂಟು ಮುಗಿಯಿತು. ಅಂಬಾಸಿಡರಿಗೆ ಬಹುಕಾಲ ನಾಲ್ಕು ಚಕ್ರಗಳಿಗೂ ಡ್ರಮ್ಮಿನ ಬ್ರೇಕೇ ಇದ್ದಿತು. ಇದಕ್ಕೆ ಮುಂದೆ ಡಿಸ್ಕು, ಹಿಂದೆ ಡ್ರಮ್ಮು.

ಡ್ರಮ್ಮಿನ ಬ್ರೇಕೆಂದರೆ ಚಕ್ರದೊಡನೆ ತಿರುಗುವ ಒಂದು ಡಬ್ಬಿ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಷೂಗಳು ಅಗಲವಾಗಿ ಡಬ್ಬಿಯ ಒಳಮೈಯನ್ನು ಒತ್ತುತ್ತವೆ. ಡಿಸ್ಕಿನ ಬ್ರೇಕಿನಲ್ಲಿ ಡಬ್ಬಿಯಿಲ್ಲ. ಚಕ್ರದೊಡನೆ ಒಂದು ಕಬ್ಬಿಣದ ತಟ್ಟೆ ತಿರುಗುತ್ತದೆ. ತಟ್ಟೆಯ ಎರಡು ಮಗ್ಗುಲಿಗೂ ಒಂದೊಂದು ಪ್ಯಾಡು ಇದ್ದು, ಅವು ತಟ್ಟೆಯನ್ನು ಅದುಮಿ ಹಿಡಿಯುತ್ತವೆ. ಈ ಪ್ಯಾಡುಗಳನ್ನು ಹೊತ್ತು, ತಟ್ಟೆಯ ಅಂಚನ್ನು ಇಕ್ಕಳದಂತೆ ಕಚ್ಚಿಕೊಂಡು ಕುಳಿತಿರುವ ಎರಕದ ಕಬ್ಬಿಣದ ಗಟ್ಟಿ ಭಾಗಕ್ಕೆ ಕ್ಯಾಲಿಪರೆಂದು ಹೆಸರು. ಇದನ್ನು ನೋಡಿಲ್ಲದವರು ತಮ್ಮ ಬೈಸಿಕಲ್ಲಿನ ಬ್ರೇಕನ್ನು ನೋಡಿದರೆ ಸಾಕು. ಅಲ್ಲಿ ಎರಡು ರಬ್ಬರು ತುಂಡುಗಳು ರಿಮ್ಮನ್ನು ಎರಡು ಕಡೆಯಿಂದ ಹಿಡಿಯುವುದಷ್ಟೆ? ತತ್ತ್ವ ಅದೇ.

ಹಾಗಾದರೆ ಡ್ರಮ್ಮಿಗೇನು ಕೊರತೆ? ಬ್ರೇಕಿನ ನಿಜವಾದ ಕೆಲಸ ಚಲನೆಯನ್ನು ಶಾಖವಾಗಿ ಮಾರ್ಪಡಿಸುವುದು. ಜನರೂ ಸೇರಿ 1000 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅದರಲ್ಲಿ ಸುಮಾರು 3 ಲಕ್ಷದ 86 ಸಾವಿರ ಜೂಲುಗಳಷ್ಟು ಚಲನಶಕ್ತಿ ಇರುತ್ತದೆ. ಕೊಳಾಯಿಯ ನೀರು ಒಂದು ಲೀಟರಿಗೂ ಮೀರಿ ಕುದಿಯುವ ಮಟ್ಟಕ್ಕೆ ಬರಲು ಇಷ್ಟು ಸಾಕು. ಒಂದು ಸಲ ಗಾಡಿ ನಿಲ್ಲಿಸಿದಾಗ ಇಷ್ಟೂ ಶಾಖ ಕೆಲವೇ ಸೆಕೆಂಡುಗಳಲ್ಲಿ ಬ್ರೇಕಿನೊಳಗೆ ಹುಟ್ಟಿ ಗಾಳಿಗೆ ಹೋಗಬೇಕು. ವೇಗ ಅರ್ಧವಾದರೆ ಶಾಖ ಅರ್ಧವಲ್ಲ, ಕಾಲುಭಾಗವಾಗುತ್ತದೆ. ವೇಗ ಇಮ್ಮಡಿಯಾದರೆ ನಾಲ್ಮಡಿ. ಶಿರಾಡಿ ಘಾಟಿಯಂಥ ಇಳಿಜಾರಿನಲ್ಲಿ ಮೇಲಿಂದ ಮೇಲೆ ಬ್ರೇಕು ತುಳಿದಾಗ ಡ್ರಮ್ಮು ಕಾದು ಹಿಗ್ಗಿ ಷೂವಿನಿಂದ ದೂರ ಸರಿಯುತ್ತದೆ. ಪೆಡಲು ಕೆಳಗಿಳಿಯುತ್ತ ಹೋಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಡಿಸ್ಕಾದರೋ ಕಾದರೆ ದಪ್ಪವಾಗಿ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಜೊತೆಗೆ ಬಯಲಿನಲ್ಲಿರುವುದರಿಂದ ಬೇಗ ತಣಿಯುತ್ತದೆ. ಮಳೆಯ ನೀರು ಬಿದ್ದರೂ ತಿರುಗುವ ತಟ್ಟೆ ಅದನ್ನು ಕೊಡವಿ ಎಸೆಯುತ್ತದೆ.

ಈ ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರು 1902ರಲ್ಲಿಯೇ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದಿದ್ದನು. ಲೋಹಕ್ಕೆ ಲೋಹ ಉಜ್ಜಿ ಕಿವಿ ಸೀಳುವಂತೆ ಕಿರಿಚುತ್ತಿದ್ದುದರಿಂದ ಅದು ಬಳಕೆಗೆ ಬರಲಿಲ್ಲ. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಎಂಬಲ್ಲಿ ನಡೆದ 24 ಗಂಟೆಗಳ ಪಂದ್ಯವನ್ನು ಡನ್ಲಪ್ ಡಿಸ್ಕ್ ಬ್ರೇಕಿದ್ದ ಜಾಗ್ವಾರ್ ಸಿ-ಟೈಪ್ ಕಾರು ಗೆದ್ದ ಮೇಲೆ ಜಗತ್ತು ಇತ್ತ ಕಣ್ಣು ಹಾಯಿಸಿತು. 1955ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಡಿ.ಎಸ್., 1956ರಲ್ಲಿ ಇಂಗ್ಲೆಂಡಿನ ಟ್ರಯಂಫ್ ಟಿ.ಆರ್.3 ಕಾರುಗಳು ಮುಂದಿನ ಚಕ್ರಗಳಿಗೆ ಡಿಸ್ಕು ಹಾಕಿಕೊಂಡು ಮಾರಾಟಕ್ಕೆ ಬಂದವು. ಎಂ.ಜಿ.ಬಿ.ಗೆ ಹುಟ್ಟಿದಂದಿನಿಂದಲೇ ಲಾಕ್‌ಹೀಡ್ ಕಂಪೆನಿಯ ಡಿಸ್ಕು.

ಇನ್ನು ಕ್ಯಾಲಿಪರಿನ ಒಳಗೆ ಏನಿದೆಯೆಂದು ನೋಡೋಣ. ಪೆಡಲು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಬ್ರೇಕ್ ಆಯಿಲಿನ ಮೇಲೆ ಒತ್ತಡ ಬೀಳುತ್ತದೆ. ಮುಚ್ಚಿದ ದ್ರವದಲ್ಲಿ ಒತ್ತಡ ಎಲ್ಲ ಕಡೆಗೂ ಸಮವಾಗಿ ಹರಡುತ್ತದೆಂಬ ಪ್ಯಾಸ್ಕಲನ ನಿಯಮವನ್ನು ನಾವು ಹೈಸ್ಕೂಲಿನಲ್ಲಿ ಉರುಹೊಡೆದಿದ್ದೇವೆ. ಅದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಉದಾಹರಣೆಗೆ ಮಾಸ್ಟರ್ ಸಿಲಿಂಡರಿನ ವ್ಯಾಸ 19 ಮಿಲಿಮೀಟರ್, ಕ್ಯಾಲಿಪರಿನ ಪಿಸ್ಟನ್ನಿನ ವ್ಯಾಸ 54 ಮಿಲಿಮೀಟರ್ ಎಂದಿಟ್ಟುಕೊಂಡರೆ, ಎರಡನೆಯದರ ಮುಖದ ವಿಸ್ತೀರ್ಣ ಮೊದಲನೆಯದರ ಎಂಟರಷ್ಟು. ತಳ್ಳುವ ಬಲವೂ ಎಂಟರಷ್ಟು. ಎಂ.ಜಿ.ಬಿ.ಯ ಒಂದೊಂದು ಕ್ಯಾಲಿಪರಿನಲ್ಲಿ ತಟ್ಟೆಯ ಆಚೆ ಒಂದು, ಈಚೆ ಒಂದು ಹೀಗೆ ಎದುರುಬದುರಾಗಿ ಎರಡು ಪಿಸ್ಟನ್ನುಗಳಿವೆ.

ಕಾಲು ತೆಗೆದ ಮೇಲೆ ಪಿಸ್ಟನ್ನು ಹಿಂದಕ್ಕೆ ಬರುವುದು ಹೇಗೆ? ಸ್ಪ್ರಿಂಗು ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಗಾಡಿಯೊಳಗೆ ಚೌಕ ಅಂಚಿನ ಒಂದು ರಬ್ಬರು ಉಂಗುರವಿದೆ. ಆಯಿಲ್ ಸೋರದಂತೆ ತಡೆಯುವುದೂ ಅದೇ. ಪಿಸ್ಟನ್ನು ಮುಂದೆ ಸರಿದಾಗ ಈ ಉಂಗುರ ಅದಕ್ಕೆ ಅಂಟಿಕೊಂಡು ಕೊಂಚ ವಾಲುತ್ತದೆ. ಒತ್ತಡ ಹೋದಾಗ ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಪ್ಯಾಡು ಸವೆದಷ್ಟೂ ಪಿಸ್ಟನ್ನು ಉಂಗುರದ ಮೇಲೆ ಜಾರಿ ಮುಂದೆ ನಿಲ್ಲುತ್ತದೆ. ಡ್ರಮ್ಮಿನಂತೆ ಆಗಾಗ ಅಡ್ಜಸ್ಟು ಮಾಡುವ ತಾಪತ್ರಯವೇ ಇಲ್ಲ. ಇಡೀ ಯಂತ್ರದಲ್ಲಿ ನನಗೆ ಅತ್ಯಂತ ಚೆನ್ನವೆಂದು ತೋರಿದ್ದು ಈ ಅಲ್ಪ ಬೆಲೆಯ ರಬ್ಬರು ಉಂಗುರ.

ಸಾಹುಕಾರರ ಕಾರಿನ ದೂರು ವಿಚಿತ್ರವಾಗಿದ್ದಿತು. ಸುಮ್ಮನೆ ಓಡುವಾಗ ಸ್ವಲ್ಪ ಬಲಕ್ಕೆ ಎಳೆಯುತ್ತಿತ್ತು. ಬ್ರೇಕು ತುಳಿದರೆ ಎಡಕ್ಕೆ ಜಗ್ಗುತ್ತಿತ್ತು. ಒಂದೇ ಗಾಡಿಗೆ ಎರಡು ಬುದ್ಧಿ ಹೇಗೆಂದು ನನಗೆ ಅರ್ಥವಾಗಲಿಲ್ಲ. ತಂದೆಯವರು ಗಾಡಿಯನ್ನು ಜಾಕಿಯ ಮೇಲೆತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಮುಂದಿನ ಚಕ್ರಗಳನ್ನು ಕೈಯಿಂದ ತಿರುಗಿಸಿದರು. ಎಡಗಡೆಯದು ಸಲೀಸಾಗಿ ತಿರುಗಿತು, ಬಲಗಡೆಯದು ಬಿಗಿಯಾಗಿತ್ತು. ಮಲೆನಾಡಿನ ಮಳೆಗಾಲಗಳನ್ನು ಷೆಡ್ಡಿನಲ್ಲಿ ಕದಲದೆ ಕಳೆದ ಗಾಡಿಯಾದುದರಿಂದ, ಧೂಳು ತಡೆಯುವ ರಬ್ಬರು ಹರಿದು, ಬಲಗಡೆಯ ಪಿಸ್ಟನ್ನು ತುಕ್ಕು ಹಿಡಿದು ಸಿಕ್ಕಿಕೊಂಡಿದ್ದಿತು. ಹಿಂದಕ್ಕೆ ಬಾರದ ಕಾರಣ ಪ್ಯಾಡು ಸದಾ ಉಜ್ಜುತ್ತ ಗಾಡಿಯನ್ನು ಬಲಕ್ಕೆ ಎಳೆಯುತ್ತಿತ್ತು. ಮುಂದಕ್ಕೂ ಹೋಗದ ಕಾರಣ, ಪೆಡಲು ತುಳಿದಾಗ ಎಡಗಡೆಯ ಬ್ರೇಕು ಮಾತ್ರ ಪೂರ್ತಿ ಹಿಡಿದು ಗಾಡಿ ಎಡಕ್ಕೆ ತಿರುಗುತ್ತಿತ್ತು.

ಚಕ್ರ ಬಿಗಿಯಾದ ಮಾತ್ರಕ್ಕೆ ಕ್ಯಾಲಿಪರನ್ನು ದೂರುವುದು ಸರಿಯಲ್ಲ. ಹಳೆಯ ರಬ್ಬರು ಹೋಸಿನ ಒಳಪದರ ಊದಿಕೊಂಡಿದ್ದರೂ ಆಯಿಲ್ ಮುಂದೆ ಹೋಗಿ ಹಿಂದೆ ಬಾರದೆ ಇದೇ ಲಕ್ಷಣ ತೋರಬಹುದು. ಪರೀಕ್ಷೆ ಸುಲಭ. ಚಕ್ರ ಬಿಗಿಯಾಗಿರುವಾಗ ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲನ್ನು ತುಸು ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ಬಿಡುಗಡೆಯಾದರೆ ತಪ್ಪು ಹೋಸಿನದೋ ಮಾಸ್ಟರ್ ಸಿಲಿಂಡರಿನದೋ ಆಗಿರುತ್ತದೆ. ನಿಪ್ಪಲು ಬಿಟ್ಟರೂ ಚಕ್ರ ಬಿಗಿಯಾಗಿಯೇ ಉಳಿದರೆ ಪಿಸ್ಟನ್ನೇ ಸಿಕ್ಕಿದೆ ಎಂದರ್ಥ. ನಮ್ಮದು ಎರಡನೆಯ ಬಗೆ. ಪಿಸ್ಟನ್ನಿನ ಕ್ರೋಮ್ ಲೇಪ ಎದ್ದು ಹೋಗಿತ್ತು. ಉಂಗುರ ಕೂರುವ ಗಾಡಿಯನ್ನೂ ತುಕ್ಕು ತಿಂದಿತ್ತು. ಬರಿಯ ರಬ್ಬರು ಬದಲಿಸಿ ಪ್ರಯೋಜನವಿಲ್ಲವೆಂದು ತಂದೆಯವರು ತೀರ್ಮಾನಿಸಿದರು. ಒಂದು ಕಡೆ ಮಾತ್ರ ಹೊಸದು ಹಾಕಿದರೆ ಎರಡು ಚಕ್ರಗಳ ಹಿಡಿತ ಬೇರೆ ಬೇರೆಯಾಗುವ ಸಂಭವವಿರುವುದರಿಂದ ಕ್ಯಾಲಿಪರನ್ನು ಜೋಡಿಯಾಗಿಯೇ ಬದಲಿಸತಕ್ಕದ್ದು.

ಸಾಹುಕಾರರು ಪರದೇಶದಲ್ಲಿರುವ ತಮ್ಮ ನೆಂಟರ ಮೂಲಕ ಒಂದು ಜೋಡಿ ಹಳೆಯ ಕ್ಯಾಲಿಪರನ್ನು ತರಿಸಿಕೊಟ್ಟರು. ಪೊಟ್ಟಣದ ಮೇಲೆ ಎಂ.ಜಿ.ಬಿ. ಎಂದೇ ಬರೆದಿತ್ತು. ಹಿಡಿದು ನೋಡಿದರೆ ಬೋಲ್ಟಿನ ರಂಧ್ರಗಳೂ ಸರಿಯಾಗಿ ಕೂರುತ್ತಿದ್ದವು. ಇಲ್ಲಿಯೇ ಗುರುತಿಸುವ ವಿದ್ಯೆ ಬೇಕಾಗುವುದು. ಒಂದೇ ಹೆಸರಿನ ಕೆಳಗೆ ಹಲವು ಗಾಡಿಗಳಿವೆ. 1967ರಿಂದ 1969ರವರೆಗೆ ತಯಾರಾದ ಆರು ಸಿಲಿಂಡರಿನ ಎಂ.ಜಿ.ಸಿ. ಹೊರನೋಟಕ್ಕೆ ಎಂ.ಜಿ.ಬಿ.ಯ ಹಾಗೆಯೇ ಇದ್ದರೂ ಅದರ ಬ್ರೇಕು ಗರ್ಲಿಂಗ್ ಕಂಪೆನಿಯದು, ಡಿಸ್ಕೂ ದೊಡ್ಡದು. 1973ರಿಂದ 1976ರವರೆಗೆ ಬಂದ ಎಂ.ಜಿ.ಬಿ. ಜಿ.ಟಿ. ವಿ-8 ಎಂಬ ಹೆಚ್ಚು ಬಲದ ಮಾದರಿಗೆ ದಪ್ಪನೆಯ ಡಿಸ್ಕು, ಅದಕ್ಕೆ ತಕ್ಕ ಅಗಲದ ಕ್ಯಾಲಿಪರು. ಹೆಸರನ್ನು ನಂಬದೆ ಅಳತೆಯನ್ನು ನಂಬಬೇಕು. ನಾನು ಕೈಪಿಡಿ ಹಿಡಿದು ಕೂತೆ, ತಂದೆಯವರು ವರ್ನಿಯರ್ ಹಿಡಿದರು. ಎರಕದ ಮೈಮೇಲೆ ಮೂಡಿಸಿದ ಅಕ್ಷರ, ಸಂಖ್ಯೆಗಳನ್ನು ತಂತಿಬ್ರಷ್ಷಿನಿಂದ ಉಜ್ಜಿ ಓದಿದೆವು. ಬೋಲ್ಟಿನ ರಂಧ್ರಗಳ ನಡುವಿನ ಅಂತರ, ಪಿಸ್ಟನ್ನಿನ ವ್ಯಾಸ, ಪ್ಯಾಡಿನ ಆಕಾರ ಎಲ್ಲವನ್ನೂ ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿದೆವು. ಕೊನೆಗೆ ತಟ್ಟೆ ತೂರುವ ಸಂದಿನ ಅಗಲ ಅಳೆದಾಗ ವ್ಯತ್ಯಾಸ ಸಿಕ್ಕಿತು. ಬಂದದ್ದು ವಿ-8ರ ಕ್ಯಾಲಿಪರು.

“ಬೋಲ್ಟು ಕೂತಿತಲ್ಲ ಮೇಸ್ತ್ರಿ, ಹಾಕಿಬಿಡಿ. ಬರೋ ಭಾನುವಾರ ಬೆಂಗಳೂರಲ್ಲಿ ಹಳೇ ಕಾರುಗಳ ಮೆರವಣಿಗೆ ಇದೆ,” ಎಂದರು ಸಾಹುಕಾರರು.

“ಬೋಲ್ಟು ಕೂತ್ರೆ ಸಾಲದು ಸಾರ್. ಈ ಸಂದು ಅಗಲ, ನಿಮ್ಮ ತಟ್ಟೆ ತೆಳು. ಪಿಸ್ಟನ್ನು ಅಷ್ಟು ದೂರ ಹೊರಗೆ ಬಂದು ಹಿಡೀಬೇಕಾಗ್ತದೆ. ಇವತ್ತು ಹಿಡೀತದೆ. ಪ್ಯಾಡು ಸವೆದ ಮೇಲೆ?”

ಪ್ಯಾಡು ಹೊಸದಾಗಿರುವಾಗ ಏನೂ ತಿಳಿಯುವುದಿಲ್ಲ. ಸವೆಯುತ್ತ ಬಂದಂತೆ ಪಿಸ್ಟನ್ನು ಇನ್ನಷ್ಟು ಹೊರಬಂದು, ಅದರ ಹಿಂಬದಿಯ ಅಂಚು ರಬ್ಬರು ಉಂಗುರವನ್ನು ದಾಟಿದರೆ ಆಯಿಲೆಲ್ಲ ಹೊರಕ್ಕೆ ಚೆಲ್ಲಿಹೋಗುತ್ತದೆ. 1967ರ ಈ ಗಾಡಿಯಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ಆಯಿಲ್ ಮಾರ್ಗ. ಒಂದು ಕಡೆ ಚೆಲ್ಲಿದರೆ ನಾಲ್ಕು ಬ್ರೇಕೂ ಹೋದಂತೆಯೇ. ಉಳಿಯುವುದು ಕೈಬ್ರೇಕು ಮಾತ್ರ. ಸಾಹುಕಾರರ ತೋಟದಿಂದ ಹೊರಗೆ ಬರಲು ಇರುವುದೇ ಇಳಿಜಾರಿನ ದಾರಿ. ಅವರು ಬೇಸರಗೊಂಡು, ಬೇರೆ ಗ್ಯಾರೇಜಿಗೆ ಒಯ್ಯುವುದಾಗಿ ಹೇಳಿದರು. ಆ ತಿಂಗಳು ನಮ್ಮಲ್ಲಿ ಬೇರೆ ದೊಡ್ಡ ಕೆಲಸವಿರಲಿಲ್ಲ. ನನ್ನ ಪರೀಕ್ಷಾ ಶುಲ್ಕವೂ ಕಟ್ಟಬೇಕಾಗಿತ್ತು. ತಂದೆಯವರು, “ಒಯ್ಯಿರಿ ಸಾರ್, ನನ್ನ ಕೈಯಲ್ಲಿ ಇದು ಆಗಲ್ಲ,” ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು. ನಾನು ಕೈಪಿಡಿಯ ಎರಡು ಮಾದರಿಗಳ ಚಿತ್ರಗಳನ್ನು ಸಾಹುಕಾರರ ಮುಂದಿಟ್ಟು, ವರ್ನಿಯರನ್ನು ಅವರ ಕೈಗೇ ಕೊಟ್ಟೆ. ತಾವೇ ಎರಡು ಸಲ ಅಳೆದು ನೋಡಿದರು. ಗಾಡಿ ನಮ್ಮ ಷೆಡ್ಡಿನಲ್ಲಿಯೇ ಉಳಿಯಿತು. ಸರಿಯಾದ ಜೋಡಿ ಬರಲು ಆರು ವಾರ ಹಿಡಿಯಿತು.

ಗುರುತಿಸುವಲ್ಲಿ ಇನ್ನೊಂದು ಮೋಸವುಂಟು. 1970ರ ದಶಕದಲ್ಲಿ ಇಂಗ್ಲೆಂಡಿನ ಮೋಟಾರು ಉದ್ಯಮ ಅಂಗುಲವನ್ನು ಬಿಟ್ಟು ಮಿಲಿಮೀಟರಿಗೆ ದಾಟಿತು. ಹೀಗಾಗಿ ಆಯಿಲ್ ಪೈಪು ಸೇರುವ ರಂಧ್ರದ ಮರೆ ಎರಡು ಬಗೆಯದಿರಬಹುದು. ಹಳೆಯದು ಅಂಗುಲದ ಎಂಟನೆಯ ಮೂರು ಭಾಗ, ಅಂದರೆ 9.5 ಮಿಲಿಮೀಟರ್, ಹೊಸದು 10 ಮಿಲಿಮೀಟರ್. ಮರೆಯ ಸುತ್ತುಗಳ ಅಂತರವೂ ಹೆಚ್ಚುಕಡಿಮೆ ಒಂದೇ. ಅಂಗುಲದ ತುದಿ ಮಿಲಿಮೀಟರಿನ ರಂಧ್ರದೊಳಗೆ ಸಡಿಲವಾಗಿ ಹೋಗಿ, ಬಿಗಿಯಾಯಿತೆಂದು ತೋರಿ, ಗಟ್ಟಿಯಾಗಿ ಪೆಡಲು ತುಳಿದ ದಿನ ಕಿತ್ತು ಬರಬಹುದು. ಕೈಬೆರಳಿನಿಂದಲೇ ಕೊನೆಯವರೆಗೆ ನುಣ್ಣಗೆ ಹೋಗಬೇಕು, ಆದರೆ ಅಲುಗಬಾರದು. ಅಲುಗಿದರೆ ಅಲ್ಲಿಗೇ ಬಿಡಬೇಕು.

ಬದಲಿಸುವ ಕೆಲಸ ಇಷ್ಟು ಕಷ್ಟವಲ್ಲ. ಕೈಬ್ರೇಕು ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರಿಯ ಜಾಕಿಯನ್ನು ನಂಬಿ ಕೆಳಗೆ ಕೈ ಹಾಕುವವರನ್ನು ತಂದೆಯವರು ಷೆಡ್ಡಿನಿಂದಲೇ ಆಚೆಗೆ ಕಳುಹಿಸುತ್ತಾರೆ. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಬೆರೆತಿರುವ ಸಾಧ್ಯತೆಯಿದ್ದು, ಅದರ ಧೂಳು ಪುಪ್ಪುಸಕ್ಕೆ ಕೇಡು. ಆದುದರಿಂದ ಗಾಳಿ ಹೊಡೆದು ಧೂಳೆಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಆಮೇಲೆ ಪಿನ್ನುಗಳನ್ನು ಎಳೆದು ಪ್ಯಾಡುಗಳನ್ನು ಹೊರತೆಗೆಯಬೇಕು. ಹೋಸು ಬಿಚ್ಚುವಾಗ ರಬ್ಬರು ತಿರುಚಿಕೊಳ್ಳದಂತೆ ಎರಡು ಸ್ಪ್ಯಾನರು ಹಿಡಿಯಬೇಕು. ಕ್ಯಾಲಿಪರನ್ನು ಹಿಡಿದಿರುವುದು ಎರಡೇ ಬೋಲ್ಟು. ಅವು ಸಡಿಲವಾಗದಂತೆ ಅಂಚು ಮಡಚಿದ ತಗಡಿನ ವಾಷರಿದೆ. ಅದನ್ನು ಬಿಡಿಸಿ ಬೋಲ್ಟು ತೆಗೆದರೆ ಕ್ಯಾಲಿಪರು ಕೈಗೆ ಬರುತ್ತದೆ. ಅದರ ಎರಡು ಹೋಳುಗಳನ್ನು ಕೂಡಿಸಿರುವ ಬೋಲ್ಟುಗಳು ಬೇರೆ. ಅವುಗಳನ್ನು ಮುಟ್ಟಕೂಡದು.

ಹೊಸದನ್ನು ಕೂರಿಸುವಾಗ ಎಡ ಬಲಗಳು ಅದಲುಬದಲಾಗಬಾರದು. ಅದಲುಬದಲಾದರೂ ಬೋಲ್ಟು ಕೂರುತ್ತದೆ, ಬ್ರೇಕು ಮಾತ್ರ ಬಾರದು. ಕಾರಣ ಇಷ್ಟೇ: ಗಾಳಿ ಮೇಲಕ್ಕೇರುವುದರಿಂದ ಬ್ಲೀಡಿಂಗ್ ನಿಪ್ಪಲು ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು; ತಲೆಕೆಳಗಾದರೆ ಎಷ್ಟು ಸಲ ಪೆಡಲು ಒತ್ತಿದರೂ ಮೇಲೆ ಸೇರಿದ ಗಾಳಿ ಹೊರಗೆ ಬಾರದು. ಕೈಪಿಡಿಯ ಪ್ರಕಾರ ಬೋಲ್ಟುಗಳನ್ನು 40ರಿಂದ 45 ಪೌಂಡು-ಅಡಿ, ಎಂದರೆ ಸುಮಾರು 54ರಿಂದ 61 ನ್ಯೂಟನ್-ಮೀಟರ್ ಬಿಗಿತಕ್ಕೆ ತಿರುಗಿಸಿ, ಹೊಸ ವಾಷರಿನ ಅಂಚನ್ನು ಮಡಚಬೇಕು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಎಲ್ಲವನ್ನೂ ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ತೊಳೆಯುವ ರೂಢಿಯಿದೆ. ಬ್ರೇಕಿನ ರಬ್ಬರಿಗೆ ಇದು ವಿಷ, ಊದಿ ಮೆತ್ತಗಾಗುತ್ತದೆ. ಅದನ್ನು ಬ್ರೇಕ್ ಆಯಿಲಿನಲ್ಲಿಯೇ ಅದ್ದಿ ಒರೆಸಬೇಕು. ಹೆಸರು ಆಯಿಲೆಂದಿದ್ದರೂ ಅದು ಎಣ್ಣೆಯ ಜಾತಿಯದಲ್ಲ. ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದುಬರುತ್ತದೆ. ಕೂಡಲೇ ನೀರು ಹಾಕಿ ತೊಳೆಯಬೇಕು. ಅದು ಗಾಳಿಯ ತೇವವನ್ನೂ ಹೀರುತ್ತದೆ. ಡಾಟ್-4 ಎಂಬ ಬಗೆಯದು ಹೊಸತರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯದಿರಬೇಕು. ತೇವ ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಆಯಿಲ್ ಕುದಿದು ಆವಿಯಾದರೆ ಪೆಡಲು ಹತ್ತಿಯ ಮೂಟೆಯಂತೆ ಮೆತ್ತಗಾಗುತ್ತದೆ. ಹಿಂದಿನ ವರ್ಷ ಮುಚ್ಚಳ ತೆಗೆದಿಟ್ಟ ಡಬ್ಬಿಯ ಆಯಿಲನ್ನು ಉಳಿತಾಯವೆಂದು ಹಾಕುವುದು ಯಾವ ಅರ್ಥಶಾಸ್ತ್ರಕ್ಕೂ ಒಪ್ಪುವ ಮಾತಲ್ಲ.

ಕೊನೆಯ ಕೆಲಸ ಏರ್ ತೆಗೆಯುವುದು. ಇದಕ್ಕೆ ಇಬ್ಬರು ಬೇಕು. ನಿಪ್ಪಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಆಯಿಲಿರುವ ಸೀಸೆಯಲ್ಲಿ ಮುಳುಗಿಸಿದೆವು. ನಾನು ಒಳಗೆ ಕೂತು ಪೆಡಲಿನ ಮೇಲೆ ಕಾಲಿಟ್ಟೆ. “ಒತ್ತು” ಎಂದರೆ ಒತ್ತುವುದು. ತಂದೆಯವರು ನಿಪ್ಪಲು ತಿರುಗಿಸಿದಾಗ ಪೆಡಲು ಕೆಳಗಿಳಿಯುತ್ತದೆ. “ಹಿಡ್ಕೋ” ಎಂದರೆ ಅಲ್ಲಿಯೇ ಹಿಡಿದಿರುವುದು. ಅಷ್ಟರಲ್ಲಿ ಅವರು ನಿಪ್ಪಲು ಮುಚ್ಚುತ್ತಾರೆ. “ಬಿಡು” ಎಂದ ಮೇಲೆಯೇ ಬಿಡುವುದು. ಮುಚ್ಚುವ ಮೊದಲು ಕಾಲು ತೆಗೆದರೆ ಹೋದ ಗಾಳಿ ಮತ್ತೆ ಒಳಗೆ ಬರುತ್ತದೆ. ಮಾಸ್ಟರ್ ಸಿಲಿಂಡರಿಗೆ ಅತ್ಯಂತ ದೂರದ ಚಕ್ರದಿಂದ ಮೊದಲುಮಾಡಿ ಹತ್ತಿರದ್ದಕ್ಕೆ ಬರಬೇಕು. ನಡುವೆ ಮೇಲಿನ ಡಬ್ಬಿ ಬರಿದಾಗದಂತೆ ನೋಡಿಕೊಳ್ಳಬೇಕು. ಗುಳ್ಳೆಗಳು ನಿಂತು, ಪೆಡಲು ಕಲ್ಲಿನಂತೆ ಗಟ್ಟಿಯಾಗುವಷ್ಟರಲ್ಲಿ ನಮಗೆ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಮೊದಲ ಓಟ ಮಟ್ಟಸ ರಸ್ತೆಯಲ್ಲಿ, ನಿಧಾನ ವೇಗದಲ್ಲಿ. ಹೊಸ ಪ್ಯಾಡು ಡಿಸ್ಕಿನ ಮೈಗೆ ಹೊಂದಿಕೊಳ್ಳಲು ಹಲವು ಸಲ ಮೃದುವಾಗಿ ಬ್ರೇಕು ಹಿಡಿದು, ಮಧ್ಯೆ ತಣಿಯಲು ಬಿಡಬೇಕು. ಮೊದಲ ದಿನವೇ ಘಾಟಿಗೆ ಇಳಿಸಬಾರದು. ಆಮೇಲೆ ಮತ್ತೊಮ್ಮೆ ಚಕ್ರ ಬಿಚ್ಚಿ ಪೈಪಿನ ಸಂದುಗಳಲ್ಲಿ ತೇವವಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಪ್ಯಾಡಿನ ಪದರ ಅಂಗುಲದ ಹದಿನಾರನೆಯ ಒಂದು ಭಾಗಕ್ಕೆ, ಎಂದರೆ 1.6 ಮಿಲಿಮೀಟರಿಗೆ ಇಳಿದಾಗ ಅದನ್ನು ಬದಲಿಸಬೇಕೆಂದು ಕೈಪಿಡಿ ಹೇಳುತ್ತದೆ. ತಂದೆಯವರು 3 ಮಿಲಿಮೀಟರಿಗೇ ತೆಗೆಯುತ್ತಾರೆ. ಹಿಂದಿನ ಚಕ್ರಗಳ ಡ್ರಮ್ಮಿನ ವಿಚಾರವನ್ನು ನಾನಿಲ್ಲಿ ಬರೆದಿಲ್ಲ. ಅದು ಹೆಚ್ಚುಕಡಿಮೆ ಅಂಬಾಸಿಡರಿನದೇ ರೀತಿಯದು. ನಮ್ಮೂರಿನ ಯಾವ ಹಳೆಯ ಮೆಕ್ಯಾನಿಕರನ್ನು ಕೇಳಿದರೂ ನನಗಿಂತ ಚೆನ್ನಾಗಿ ಹೇಳುತ್ತಾರೆ.